ಬಂದಣಿಕೆ ಬಿತ್ತುವ ಹಕ್ಕಿ

ಕಾಸರಗೋಡಿನ ಹಳ್ಳಿಮನೆಗಳ ಸುತ್ತಮುತ್ತ ಬೆಳಗಿನಿಂದ ಸಂಜೆತನಕ ಒಂದು ಸದ್ದು ಕೇಳುತ್ತಲೇ ಇರುತ್ತದೆ. ಚಿಕ್, ಚಿಕ್, ಚಿಕ್. ಮಾವಿನ ಮರದಿಂದ ಗೇರುಮರಕ್ಕೆ, ಅಲ್ಲಿಂದ ಬಾವಿಕಟ್ಟೆ ಪಕ್ಕದ ಗಸಗಸೆ ಮರಕ್ಕೆ ಆ ಸದ್ದು ಹೋಗುತ್ತದೆ, ಮತ್ತೆ ವಾಪಸು ಬರುತ್ತದೆ. ಹಕ್ಕಿ ಮಾತ್ರ ಕಾಣುವುದಿಲ್ಲ. ಕಂಡರೂ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಅಷ್ಟು ಸಣ್ಣದು, ಅಷ್ಟು ಮಾಸಲು ಬಣ್ಣ.

ಬದನಿಕೆ ಹಕ್ಕಿ ಅಂದರೆ ಇದೇ. ಇಂಗ್ಲಿಷಿನಲ್ಲಿ ಹಿಂದೆ ಟಿಕೆಲ್ಸ್ ಫ್ಲವರ್‌ಪೆಕರ್ ಅನ್ನುತ್ತಿದ್ದರು, ಈಗ ಪೇಲ್-ಬಿಲ್ಡ್ ಫ್ಲವರ್‌ಪೆಕರ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 8 ಸೆಂಟಿಮೀಟರ್. ತೂಕ ಐದಾರು ಗ್ರಾಂ ಆಸುಪಾಸು. ಭಾರತದ ಅತಿ ಸಣ್ಣ ಹಕ್ಕಿಗಳ ಸಾಲಿನಲ್ಲಿ ಇದಕ್ಕೆ ಜಾಗ ಇದೆ. ಬೆನ್ನು ಮಣ್ಣು ಬೆರೆತ ಹಸಿರು, ಹೊಟ್ಟೆ ಮಾಸಿದ ಬಿಳಿ, ಗಿಡ್ಡ ಬಾಲ. ಸ್ವಲ್ಪ ಬಾಗಿದ ಕೊಕ್ಕಿನಲ್ಲಿ ಮಾತ್ರ ತಿಳಿ ಗುಲಾಬಿ ಬಣ್ಣ. ಗಂಡು ಹೆಣ್ಣು ಎರಡೂ ಒಂದೇ ಥರ. ಸೂರಕ್ಕಿಯ ಗಂಡಿಗಿರುವ ಹೊಳೆಯುವ ನೇರಳೆ, ಹಳದಿ ಇದಕ್ಕಿಲ್ಲ. ಹಾಡುಹಕ್ಕಿಗಳ ಗುಂಪಿಗೇ ಸೇರಿದ್ದಾದರೂ ಮಡಿವಾಳ ಹಕ್ಕಿಯ ಹಾಗೆ ರಾಗ ಎಳೆಯಲು ಬರುವುದಿಲ್ಲ. ಚಿಕ್ ಚಿಕ್ ನಡುವೆ ಆಗಾಗ ಒಂದಿಷ್ಟು ಗಡಿಬಿಡಿಯ ಕಿಚಿಪಿಚಿ, ಅಷ್ಟೇ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಹಕ್ಕಿ, ಮರ, ಹೂ, ಪ್ರಾಣಿಯನ್ನು ಘೋಷಿಸಿಕೊಂಡಿತು. ಹಕ್ಕಿಯ ಪಟ್ಟ ಬಿಳಿಹೊಟ್ಟೆಯ ಕಡಲಹದ್ದಿಗೆ ಹೋಯಿತು. ಮರದ ಪಟ್ಟ ಕಾಸರಕಕ್ಕೆ. ಎರಡೂ ಸರಿಯಾದ ಆಯ್ಕೆ, ಕಡಲಹದ್ದಿಗೆ ಇಂಥ ಗೌರವ ಬೇಕೇ ಬೇಕು. ಆದರೆ ನಮ್ಮ ಗುಡ್ಡೆ, ತೋಟ, ಅಂಗಳದ ಮರಗಳ ಮೇಲೆ ದಿನವಿಡೀ ಕೆಲಸ ಮಾಡುವ ಹಕ್ಕಿ ಯಾವುದು ಅಂತ ನನ್ನನ್ನು ಕೇಳಿದರೆ ನಾನು ಈ ಐದಾರು ಗ್ರಾಮಿನದನ್ನೇ ತೋರಿಸುತ್ತೇನೆ.

ಅದರ ಕೆಲಸ ಅಂದರೆ ಬಂದಣಿಕೆ. ನಮ್ಮ ಕಡೆಯ ಮಲಯಾಳಿಗಳು ಇತ್ತಿಕ್ಕಣ್ಣಿ ಅನ್ನುವ ಗಿಡ. ಮಾವು, ಹಲಸು, ಗೇರು, ಪೇರಳೆ, ಹೀಗೆ ಎಷ್ಟೋ ಮರಗಳ ಕೊಂಬೆಯ ಮೇಲೆ ಹುಟ್ಟಿ ಅಲ್ಲೇ ಗುಂಪು ಗುಂಪಾಗಿ ಬೆಳೆಯುತ್ತದೆ. ಅಡಿಕೆ, ತೆಂಗಿನ ಮೇಲೆ ನಾನು ಇದನ್ನು ನೋಡಿಲ್ಲ. ಹಾಗಾಗಿ ತೋಟದವರಿಗೆ ಇದರ ಚಿಂತೆ ಕಮ್ಮಿ. ಚಿಂತೆಯೆಲ್ಲ ಮಾವಿನ ಮರ ಇರುವವರಿಗೆ.

ನಮ್ಮ ಮನೆ ಉಪ್ಪರಿಗೆಯ ಕಿಟಕಿಗೆ ಸರಿಯಾಗಿ ಒಂದು ಕಾಟುಮಾವಿನ ಕೊಂಬೆ ಬಂದಿದೆ. ಅದರ ಮೇಲೆ ಬಂದಣಿಕೆಯ ದೊಡ್ಡ ಪೊದೆ. ಹಣ್ಣು ಬಂದ ಕಾಲಕ್ಕೆ ಅಲ್ಲಿ ಕೂತರೆ ಇಡೀ ವ್ಯವಹಾರ ಕಣ್ಣೆದುರೇ ನಡೆಯುತ್ತದೆ. ಹಣ್ಣು ಗುಲಾಬಿ ಕೆಂಪು, ಸುಮಾರು ಒಂದು ಸೆಂಟಿಮೀಟರ್ ಉದ್ದ. ಹಕ್ಕಿಯ ತಲೆಯ ಎದುರು ಅದು ದೊಡ್ಡದೇ. ಹಕ್ಕಿ ಬರುತ್ತದೆ, ಒಂದೆರಡು ಹಣ್ಣನ್ನು ಕೊಕ್ಕಿನಲ್ಲಿ ಹಿಚುಕಿ ನೋಡುತ್ತದೆ, ಬಲಿಯದ್ದನ್ನು ಬಿಡುತ್ತದೆ. ಮಾಗಿದ್ದು ಸಿಕ್ಕಿದರೆ ಕೊಕ್ಕಿನಲ್ಲೇ ಅತ್ತಿತ್ತ ಹೊರಳಿಸಿ ಗುಳುಂ ಮಾಡುತ್ತದೆ. ಗಂಟಲು ಉಬ್ಬಿದ್ದು ಕಿಟಕಿಯಿಂದಲೇ ಕಾಣುತ್ತದೆ. ಹೀಗೆ ಎರಡು ಮೂರು ನುಂಗಿದ ಮೇಲೆ ಪಕ್ಕದ ಕೊಂಬೆಗೆ ಹೋಗಿ ಗರಿ ಉಬ್ಬಿಸಿ ಸುಮ್ನೆ ಕೂರುತ್ತದೆ. ಇಡೀ ದಿನದಲ್ಲಿ ಆ ಹಕ್ಕಿ ಸುಮ್ಮನಿರುವುದನ್ನು ನೋಡಬೇಕಾದರೆ ಇದೇ ಸಮಯ.

ಕೆಲವೇ ನಿಮಿಷ. ಆಮೇಲೆ ಎದ್ದು ಸ್ವಲ್ಪ ಚಡಪಡಿಸುತ್ತದೆ. ಬೀಜ ಹೊರಗೆ ಬರುತ್ತದೆ, ಆದರೆ ಕೆಳಗೆ ಬೀಳುವುದಿಲ್ಲ. ಬೀಜದ ಸುತ್ತ ಹಲಸಿನ ಮೇಣದಂಥ ಅಂಟು. ಎಳೆಯೆಳೆಯಾಗಿ ಹಕ್ಕಿಯ ಹಿಂಭಾಗಕ್ಕೇ ಅಂಟಿಕೊಂಡು ಜೋತಾಡುತ್ತದೆ. ಅದನ್ನು ಬಿಡಿಸಿಕೊಳ್ಳದೆ ಹಕ್ಕಿಗೆ ಹಾರುವಂತಿಲ್ಲ. ಅದಕ್ಕೆ ಅದು ಮೈಯನ್ನು ತಗ್ಗಿಸಿ, ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಬೀಜ ತೊಗಟೆಗೆ ಅಂಟಿಕೊಳ್ಳುತ್ತದೆ. ಹಕ್ಕಿ ಚಿಕ್ ಅಂತ ಹಾರಿ ಹೋಗುತ್ತದೆ. ಬಂದಣಿಕೆಗೆ ಬೇಕಾದ್ದು ಇಷ್ಟೇ. ನೆಲಕ್ಕೆ ಬಿದ್ದ ಬೀಜ ಬದುಕುವುದಿಲ್ಲ. ಜೀವ ಇರುವ ಕೊಂಬೆಯ ಮೇಲೇ ಬೀಜ ಕೂರಬೇಕು. ಆ ಜಾಗಕ್ಕೆ ಅದನ್ನು ಒಯ್ದು ಮುಟ್ಟಿಸಲು ಇದಕ್ಕಿಂತ ತಕ್ಕ ಹಕ್ಕಿ ನಮ್ಮಲ್ಲಿ ಇನ್ನೊಂದಿಲ್ಲ.

ಇಷ್ಟು ಬೇಗ ಬೀಜ ಹೊರಗೆ ಬರುವುದು ಹೇಗೆ? ಇದರ ಉತ್ತರ ನನಗೆ ತುಂಬಾ ಇಷ್ಟ. ಹೆಚ್ಚಿನ ಹಕ್ಕಿಗಳಲ್ಲಿ ತಿಂದದ್ದೆಲ್ಲ ಅರೆಯುವ ಹೊಟ್ಟೆಯ ಮೂಲಕವೇ ಹೋಗಬೇಕು. ಈ ಕುಲದ ಹಕ್ಕಿಗಳಲ್ಲಿ ಆ ಹೊಟ್ಟೆ ದಾರಿಯ ಬದಿಗೆ ಒಂದು ಸಣ್ಣ ಚೀಲವಾಗಿ ಉಳಿದಿದೆ. ಹುಳ, ಜೇಡ ತಿಂದರೆ ಅದು ಚೀಲದೊಳಗೆ ಹೋಗಿ ಅರೆಯಲ್ಪಡುತ್ತದೆ. ಬಂದಣಿಕೆ ಹಣ್ಣು ತಿಂದರೆ ಚೀಲದ ಬಾಯಿ ದಾಟಿ ನೇರ ಕರುಳಿಗೆ. ತಿರುಳಿನ ಸಾರ ದಾರಿಯಲ್ಲೇ ಇಳಿಯುತ್ತದೆ, ಬೀಜಕ್ಕೆ ಒಂದು ಗೀರೂ ಬೀಳುವುದಿಲ್ಲ. ಡೆಸೆಲ್‌ಬರ್ಗರ್ ಎಂಬ ಜರ್ಮನ್ ವಿಜ್ಞಾನಿ ಈ ಕರುಳಿನ ರಚನೆಯ ಬಗ್ಗೆ 1931ರಲ್ಲೇ ಬರೆದಿದ್ದಾರೆ. ಅದೇ ವರ್ಷ ಸಾಲಿಂ ಅಲಿಯವರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕೊಂಕಣದಲ್ಲಿ ಬಂದಣಿಕೆ ಹರಡುವುದರಲ್ಲಿ ಸೂರಕ್ಕಿಗಳ ಮತ್ತು ಬದನಿಕೆಗಳ ಪಾತ್ರ ಏನು ಅಂತ. ಒಬ್ಬರು ಹಕ್ಕಿಯ ಹೊಟ್ಟೆಯೊಳಗೆ ನೋಡಿದರು, ಇನ್ನೊಬ್ಬರು ಮರದ ಮೇಲೆ ನೋಡಿದರು. ಕೊಂಕಣದ ಮಾವಿನ ಮರಗಳಿಗೂ ನಮ್ಮ ಕುಂಬಳೆ ಸೀಮೆಯ ಮಾವಿನ ಮರಗಳಿಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ಅಂಟಿದ ಬೀಜ ಮೊಳೆಯಲು ಮಣ್ಣೂ ಬೇಡ, ಮಳೆಯೂ ಬೇಡ. ಕರೆಂಟಿನ ತಂತಿಗೆ ಅಂಟಿದರೂ ಮೊಳಕೆ ಬರುತ್ತದೆ, ಆಮೇಲೆ ಹೀರಲು ಏನೂ ಸಿಗದೆ ಸಾಯುತ್ತದೆ. ಕೊಂಬೆಗೆ ಅಂಟಿದ್ದಾದರೆ ಬೀಜದಿಂದ ಹಸಿರು ಮೊಳಕೆ ಹೊರಬಂದು, ಬೆಳಕಿಗೆ ಬೆನ್ನು ಹಾಕಿ, ತೊಗಟೆಯ ಕಡೆ ಬಾಗುತ್ತದೆ. ಸಾಧಾರಣ ಗಿಡದ ಮೊಳಕೆ ಬೆಳಕಿನ ಕಡೆ ಹೋಗುತ್ತದೆ, ಇದಕ್ಕೆ ಕತ್ತಲೇ ಗುರಿ. ತೊಗಟೆ ಮುಟ್ಟಿದ ತುದಿ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಒಳಗೆ ಇಳಿದು ಮರದ ನೀರಿನ ಕೊಳವೆಗಳಿಗೆ ಸೇರಿಕೊಳ್ಳುತ್ತದೆ. ಎಲೆ ಹಸಿರಾಗಿಯೇ ಇರುವುದರಿಂದ ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳಬಲ್ಲದು. ನೀರು ಮತ್ತು ಲವಣ ಮಾತ್ರ ಮರದ್ದು. ಆದರೆ ನೀರು ಎಳೆಯುವುದರಲ್ಲಿ ಅದಕ್ಕೆ ಮಿತಿ ಇಲ್ಲ. ಎಪ್ರಿಲ್ ತಿಂಗಳ ಬಿಸಿಲಿಗೆ ಮರದ ಎಲೆ ಬಾಡಿದಾಗಲೂ ಬಂದಣಿಕೆ ನಳನಳಿಸುತ್ತಿರುತ್ತದೆ. ಅದರಾಚೆಗಿನ ಕೊಂಬೆಯ ತುದಿ ನಿಧಾನಕ್ಕೆ ಒಣಗುತ್ತಾ ಬರುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವ ಡೆಂಡ್ರಾಫ್ತಿ ಎಂಬ ಬಂದಣಿಕೆ ಒಂದೇ ಕಡೆ ಕಚ್ಚಿ ಸುಮ್ಮನಿರುವುದೂ ಇಲ್ಲ. ಕೊಂಬೆಯ ಮೇಲೆಯೇ ಬೇರು ಓಡಿಸಿ ಅಲ್ಲಲ್ಲಿ ಮತ್ತೆ ಮತ್ತೆ ಒಳಗೆ ಇಳಿಯುತ್ತದೆ.

ಹಕ್ಕಿಗೆ ಹಣ್ಣಿನ ಕಾಲದಲ್ಲಿ ಮಾತ್ರ ಈ ಗಿಡ ಬೇಕು ಅಂದುಕೊಳ್ಳಬೇಡಿ. ಹೂವಿನ ಕಾಲದಲ್ಲೂ ಬೇಕು. ಕೆಲವು ಬಂದಣಿಕೆಗಳ ಮೊಗ್ಗು ತಾನಾಗಿ ಅರಳುವುದಿಲ್ಲ. ಬಲಿತ ಮೊಗ್ಗನ್ನು ಯಾರಾದರೂ ಹಿಚುಕಬೇಕು. ಬೆರಳಲ್ಲಿ ಒತ್ತಿದರೆ ಟಪ್ ಅಂತ ಬಿರಿದು ಪರಾಗ ಚಿಮ್ಮುತ್ತದೆ. ಹಕ್ಕಿ ಹಿಚುಕಿದರೆ ಆ ಪರಾಗ ಅದರ ಹಣೆಗೆ, ಕೆನ್ನೆಗೆ ಬೀಳುತ್ತದೆ. ಉದ್ದ ಕೊಳವೆಯ ಹೂಗಳಲ್ಲಿ ಸೂರಕ್ಕಿಗಳದ್ದೇ ಕಾರುಬಾರು. ಗಿಡ್ಡ ಹೂವಿನ ಜಾತಿಗಳಿಗೆ ಬದನಿಕೆಯೇ ಗತಿ. ನೀಲಗಿರಿಯಲ್ಲಿ ಈ ಗಿಡಗಳನ್ನೂ ಹಕ್ಕಿಗಳನ್ನೂ ಅಧ್ಯಯನ ಮಾಡಿದ ಪ್ರಿಯಾ ದವಿದಾರ್ 1983ರಲ್ಲಿ ಒಂದು ಚೆಂದದ ಸಂಗತಿ ಬರೆದರು. ಬದನಿಕೆ ಹಕ್ಕಿಯನ್ನು ನಂಬಿದ ಕೆಲವು ಬಂದಣಿಕೆಗಳಲ್ಲಿ ಬಲಿತ ಮೊಗ್ಗು ಮತ್ತು ಮಾಗಿದ ಹಣ್ಣು ನೋಡಲು ಒಂದೇ ಥರ ಇರುತ್ತವಂತೆ. ಹಕ್ಕಿ ಎರಡನ್ನೂ ಹಿಚುಕಿ ನೋಡುತ್ತದೆ. ಹಣ್ಣಾದರೆ ಬೀಜ ಬಿತ್ತಿದ ಹಾಗಾಯಿತು, ಮೊಗ್ಗಾದರೆ ಪರಾಗ ಮುಟ್ಟಿಸಿದ ಹಾಗಾಯಿತು. ಒಂದೇ ಹಕ್ಕಿಯಿಂದ ಗಿಡ ಎರಡು ಕೆಲಸ ಮಾಡಿಸಿಕೊಳ್ಳುತ್ತದೆ.

ಇನ್ನು ಮನೆಯ ಜಗಳ. ನಮ್ಮ ಹಟ್ಟಿಯ ಹಿಂದೆ ಒಂದು ಮಿಡಿಮರ ಇದೆ. ಅದರ ಮಿಡಿ ಉಪ್ಪಿನಕಾಯಿ ವರ್ಷ ದಾಟಿದರೂ ಮೆತ್ತಗಾಗುವುದಿಲ್ಲ. ನೆಂಟರು ಭರಣಿ ಹಿಡಿದುಕೊಂಡೇ ಬರುತ್ತಾರೆ. ಆ ಮರಕ್ಕೆ ಬಂದಣಿಕೆ ಹಿಡಿದು ಒಂದು ಕಡೆಯ ಕೊಂಬೆಗಳೆಲ್ಲ ಸೊರಗಿದವು. ದೊಡ್ಡಪ್ಪ ಜಗಲಿಯಲ್ಲಿ ಕೂತು ಮರದ ಕಡೆ ನೋಡಿ ಹೇಳಿದರು: "ಈ ಬಂದಣಿಕೆ ಕಡಿಶೆಕ್ಕು ಮಗಾ. ಇಲ್ಲದ್ರೆ ಬಪ್ಪ ವರ್ಷ ಮೆಡಿ ಇಲ್ಲೆ." ಕಡಿಸಬೇಕು, ಇಲ್ಲದಿದ್ದರೆ ಬರುವ ವರ್ಷ ಮಿಡಿ ಇಲ್ಲ ಅಂತ. ನಾನು ಹಕ್ಕಿಯ ಪರವಾಗಿ ಏನೋ ಹೇಳಲು ಹೊರಟೆ. ದೊಡ್ಡಪ್ಪ ಕೇಳಿಸಿಕೊಂಡರು, ಆದರೆ ಮಾತು ಬದಲಿಸಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು. ಮಿಡಿಮರವನ್ನು ಬಂದಣಿಕೆಗೆ ಬಿಟ್ಟುಕೊಡಲು ಯಾರ ಮನಸ್ಸೂ ಒಪ್ಪುವುದಿಲ್ಲ, ನನ್ನದೂ ಒಪ್ಪುವುದಿಲ್ಲ.

ಮರ ಹತ್ತಲು ಬಂದವರು ನಮ್ಮ ತೋಟದ ಹಳಬರು. ತುಳು ಮಾತಾಡುವವರು. ಮೇಲೆ ಹೋಗಿ ಕೊಂಬೆ ನೋಡಿ, ಅಲ್ಲಿಂದಲೇ ಕೂಗಿದರು: "ಉಂದು ಮಾತ ಪಕ್ಕಿದ ಬೇಲೆ!" ಇದೆಲ್ಲ ಹಕ್ಕಿಯ ಕೆಲಸ ಅಂತ. ಲೇಖನ ಓದಿ ನಾನು ತಿಳಿದುಕೊಂಡದ್ದನ್ನು ಅವರು ಮರದ ಮೇಲೆ ಕೂತೇ ತಿಳಿದವರು. ಕಡಿಯುವ ರೀತಿಯೂ ಅವರಿಗೆ ಗೊತ್ತು. ಬಂದಣಿಕೆಯ ಗಿಡವನ್ನಷ್ಟೇ ಮುರಿದರೆ ಮರದೊಳಗೆ ಉಳಿದ ಭಾಗದಿಂದ ಮತ್ತೆ ಚಿಗುರುತ್ತದೆ. ಅದು ಕಚ್ಚಿದ ಜಾಗದಿಂದ ಒಂದು ಅಡಿಯಷ್ಟು ಹಿಂದಕ್ಕೆ, ಬುಡದ ಕಡೆಗೆ, ಕೊಂಬೆಯನ್ನೇ ಕಡಿಯಬೇಕು. ದೋಟಿ ಕಟ್ಟಿ ಕೆಳಗಿನಿಂದ ಎಳೆದು ಮುರಿಯುವವರು ಪ್ರತಿ ವರ್ಷವೂ ಮುರಿಯುತ್ತಲೇ ಇರಬೇಕಾಗುತ್ತದೆ.

ಮಿಡಿಮರ ಮುಗಿಯಿತು. ಹಾಗೇ ಗುಡ್ಡೆಯ ಕಾಟುಮಾವು, ಹಲಸು, ಕಾಡುಮರಗಳದ್ದನ್ನೂ ತೆಗೆದುಬಿಡುವ ಅಂತ ಮಾತು ಬಂತು. ಅಲ್ಲಿ ನಾನು ಬೇಡ ಅಂದೆ. ಈಗಲೂ ಬೇಡ ಅನ್ನುತ್ತೇನೆ. ಇದು ಬರೀ ಹಕ್ಕಿಯ ಮೇಲಿನ ಪ್ರೀತಿಯಿಂದ ಹೇಳುವ ಮಾತಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡೇವಿಡ್ ವಾಟ್ಸನ್ ಮತ್ತು ಮ್ಯಾಥ್ಯೂ ಹೆರಿಂಗ್ ಕೆಲವು ತುಂಡು ಕಾಡುಗಳಿಂದ ಅಲ್ಲಿನ ಬಂದಣಿಕೆಯನ್ನು ಪೂರ್ತಿ ತೆಗೆಸಿದರು, ಕೆಲವನ್ನು ಹಾಗೇ ಬಿಟ್ಟರು. ಮೂರು ವರ್ಷ ಕಳೆದು ಎಣಿಸಿದಾಗ, ತೆಗೆದ ಕಡೆ ಹಕ್ಕಿಗಳ ಜಾತಿಗಳೇ ಐದರಲ್ಲೊಂದು ಪಾಲು ಕಮ್ಮಿಯಾಗಿದ್ದವು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಹಣ್ಣು ತಿನ್ನುವ ಹಕ್ಕಿಗಳಿಗಿಂತ ಹುಳ ತಿನ್ನುವ ಹಕ್ಕಿಗಳಿಗೇ ಜಾಸ್ತಿ ಪೆಟ್ಟು ಬಿದ್ದಿತ್ತು. ಬಂದಣಿಕೆಯ ಎಲೆ ಸಾರ ತುಂಬಿದ್ದು, ಅದು ಉದುರಿ ಕೊಳೆತ ಕಡೆ ಹುಳುಹುಪ್ಪಟೆ ಜಾಸ್ತಿ, ಅದಕ್ಕೆ ಹಕ್ಕಿ ಜಾಸ್ತಿ ಅಂತ ಅವರು ವಿವರಿಸಿದರು. ಆ ದೇಶದ ಕಾಡು ಬೇರೆ, ನಮ್ಮ ಗುಡ್ಡೆ ಬೇರೆ, ಒಪ್ಪಿದೆ. ಆದರೆ ಮರದ ತುದಿಯ ಒಂದು ಗಿಡಕ್ಕೂ ಬುಡದ ತರಗೆಲೆಯ ಹುಳಕ್ಕೂ ಇರುವ ನಂಟನ್ನು ಓದಿದ ಮೇಲೆ, ಕಂಡಲ್ಲೆಲ್ಲ ಬಂದಣಿಕೆ ಕಡಿಸಲು ನನಗೆ ಕೈ ಬರುವುದಿಲ್ಲ.

ನಮ್ಮಲ್ಲೇ ಕಣ್ಣಿಗೆ ಕಾಣುವ ಉದಾಹರಣೆ ಬೇಕಾದರೆ ಚಿಟ್ಟೆ ನೋಡಿ. ಕಾಮನ್ ಜೆಜೆಬೆಲ್ ಅಂತ ಒಂದು ಚಿಟ್ಟೆ. ರೆಕ್ಕೆ ಮಡಿಸಿ ಕೂತಾಗ ಹಿಂದಿನ ರೆಕ್ಕೆಯ ತಳದಲ್ಲಿ ಗಾಢ ಹಳದಿ, ಅಂಚಿಗೆ ಸಾಲು ಕೆಂಪು ಬೊಟ್ಟು. ಕಾಸರಗೋಡಿನ ಯಾವ ಹೂತೋಟಕ್ಕೆ ಹೋದರೂ ಸಿಗುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಅದು ಮೊಟ್ಟೆ ಇಡುವುದು ಬಂದಣಿಕೆಯ ಎಲೆಯ ಅಡಿಯಲ್ಲಿ. ಮರಿಹುಳಗಳು ಗುಂಪಾಗಿ ಅದೇ ಎಲೆಗಳನ್ನು ತಿಂದು ಬೆಳೆಯುತ್ತವೆ. ಬಂದಣಿಕೆ ಇಲ್ಲದ ಊರಿನಲ್ಲಿ ಆ ಹಳದಿ ಕೆಂಪು ಇರುವುದಿಲ್ಲ.

ಗೇರುತೋಟಗಳ ವಿಷಯ ಬರೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬಂದಣಿಕೆಗೂ ಬದನಿಕೆಗೂ ಗೇರುಮರ ಒಳ್ಳೆಯ ಮನೆ. ಎಣ್ಮಕಜೆ, ಮುಳಿಯಾರು ಕಡೆಯ ಗುಡ್ಡೆಗಳ ಮೇಲೆ ಆ ಮರಗಳಿಗೆ 2000ದ ತನಕ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮನುಷ್ಯರ ಮೇಲೆ ಅದು ಮಾಡಿದ ಅನಾಹುತ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಅಂಥ ಮಳೆ ಬಿದ್ದ ಮರದ ಮೇಲೆ ಹುಳ ಹುಡುಕಿ ಮರಿಗೆ ತಿನ್ನಿಸುವ ಐದಾರು ಗ್ರಾಮಿನ ಹಕ್ಕಿಯ ಗತಿ ಏನಾಗಿದ್ದೀತು ಅಂತ ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ತೊಳೆಸುತ್ತದೆ.

ಮರಿಗೆ ಹಣ್ಣಿನ ಜೊತೆ ಹುಳ, ಜೇಡವೂ ಬೇಕು. ಗೂಡಿನ ಕಾಲ ಸುಮಾರಾಗಿ ಫೆಬ್ರವರಿಯಿಂದ ಜೂನ್. ಗೂಡು ಕೊಂಬೆಯ ತುದಿಯಿಂದ ನೇತಾಡುವ ಸಣ್ಣ ಚೀಲ. ಎಲೆಗಳ ನಡುವೆ ಇರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹಕ್ಕಿ ಕೊಕ್ಕಿನಲ್ಲಿ ಹತ್ತಿ ಕಚ್ಚಿಕೊಂಡು ಹೋಗುವುದನ್ನು ಕಂಡರೆ ಮಾತ್ರ ಅದರ ಹಿಂದೆ ಕಣ್ಣು ಓಡಿಸಬಹುದು. ಬೂರುಗದ ಹತ್ತಿ, ಗಿಡಗಳ ಮೆತ್ತನೆಯ ನಾರು, ಜೇಡರ ಬಲೆ ಎಲ್ಲ ಸೇರಿಸಿ ಒತ್ತಿ ಒತ್ತಿ ಹೊಲಿದ ಹಾಗೆ ಮಾಡುತ್ತದೆ. ಮುಟ್ಟಿದರೆ ಕಂಬಳಿಗಿಂತ ಮೆತ್ತಗೆ. ನಾನು ಮುಟ್ಟಿದ್ದು ಮರಿಗಳು ಹಾರಿಹೋದ ಮೇಲೆ ಗಾಳಿಗೆ ಬಿದ್ದ ಗೂಡನ್ನು. ನನ್ನ ಹೆಬ್ಬೆರಳು ಒಳಗೆ ಹೋದರೆ ಜಾಗ ಮುಗಿಯಿತು. ಅಷ್ಟರೊಳಗೆ ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ, ಆಮೇಲೆ ಎರಡು ಮರಿ, ಒಂದು ತಾಯಿ! ಬಾಗಿಲು ಮೇಲ್ಭಾಗದಲ್ಲಿ, ಬದಿಗೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಸೂರಕ್ಕಿ ಕಟ್ಟುವ ಗೂಡನ್ನು ನೀವು ನೋಡಿರಬಹುದು. ಅದರ ಹೊರಗೆ ಕಸಕಡ್ಡಿ ಜೋತಾಡುತ್ತದೆ, ಬಾಗಿಲ ಮೇಲೆ ಸಣ್ಣ ಮಾಡು ಇರುತ್ತದೆ. ಬದನಿಕೆಯ ಗೂಡಿಗೆ ಮಾಡೂ ಇಲ್ಲ, ಕಸವೂ ಇಲ್ಲ. ಸೂರಕ್ಕಿಯಲ್ಲಿ ಗೂಡು ಕಟ್ಟುವುದು ಹೆಣ್ಣು ಒಂದೇ. ಇಲ್ಲಿ ಗಂಡು ಹೆಣ್ಣು ಇಬ್ಬರೂ ದುಡಿಯುತ್ತವೆ, ಮರಿಗೆ ತಿನ್ನಿಸುವುದೂ ಇಬ್ಬರೂ.

ಇದರ ನೆಂಟರನ್ನೂ ಹೇಳಿಬಿಡುತ್ತೇನೆ. ದಪ್ಪ ಕೊಕ್ಕಿನ ಬದನಿಕೆ ಅಂತ ಇನ್ನೊಂದು ಇದೆ. ಕೂತಲ್ಲೇ ಬಾಲವನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿರುತ್ತದೆ, ಎದೆಯಲ್ಲಿ ಮಸುಕು ಗೆರೆ. ಅದು ಬಂದಣಿಕೆ ಹಣ್ಣನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ತಿರುಗಿಸಿ ತಿರುಳು ಸುಲಿದು ತಿಂದು, ಬೀಜವನ್ನು ಅಲ್ಲೇ ಕೊಂಬೆಗೆ ಒರೆಸಿಬಿಡುತ್ತದೆ. ಹಾಗೆ ಒರೆಸಿದ ಬೀಜ ದೂರ ಹೋಗುವುದಿಲ್ಲ. ದೂರದ ಮರಕ್ಕೆ ಬೀಜ ಒಯ್ಯುವುದು ನಮ್ಮ ಸಣ್ಣದೇ. ರಾಣಿಪುರದಂಥ ಘಟ್ಟದ ಕಡೆ ಹೋದರೆ ನೀಲಗಿರಿ ಬದನಿಕೆ ಸಿಗುತ್ತದೆ. ಕೊಕ್ಕು ಕಪ್ಪು, ಕಣ್ಣಿನ ಮೇಲೆ ಮಾಸಲು ಬಿಳಿ ಹುಬ್ಬು.

ಇತ್ತೀಚೆಗೆ ಬಾವಿಕಟ್ಟೆಯ ಗಸಗಸೆ ಮರವೇ ಇವುಗಳ ಹೋಟೆಲು. ಮಲಯಾಳದಲ್ಲಿ ಪಂಚಾರಪ್ಪಳಂ ಅನ್ನುವ ಮರ. ಮೂಲ ಅಮೆರಿಕದ ಉಷ್ಣ ಪ್ರದೇಶದ್ದು, ಈಗ ನಮ್ಮ ಪ್ರತಿ ಶಾಲೆಯ ಅಂಗಳದಲ್ಲೂ ಒಂದು ಇರುತ್ತದೆ. ವರ್ಷದ ಹೆಚ್ಚಿನ ದಿನ ಹಣ್ಣು ಬಿಡುತ್ತದೆ. ಆ ಹಣ್ಣು ಇಡಿಯಾಗಿ ಬಾಯಿಗೆ ಹಿಡಿಸುವುದಿಲ್ಲ. ಅದಕ್ಕೆ ಹಕ್ಕಿ ತೂತು ಮಾಡಿ, ಹಿಚುಕಿ, ಒಳಗಿನ ಸಿಹಿಯನ್ನೂ ಗಸಗಸೆಯಷ್ಟೇ ಸಣ್ಣ ಬೀಜಗಳನ್ನೂ ನೆಕ್ಕಿ ಹೋಗುತ್ತದೆ. ಮಕ್ಕಳಿಗೆ ಈ ಹಕ್ಕಿ ತೋರಿಸಬೇಕಾದರೆ ನಾನು ಈ ಮರದ ಕೆಳಗೇ ನಿಲ್ಲಿಸುವುದು. ಎತ್ತರ ಕಮ್ಮಿ, ಹಕ್ಕಿಗೆ ಹೆದರಿಕೆಯೂ ಕಮ್ಮಿ. ಗುಲಾಬಿ ಕೊಕ್ಕು ಬರಿಗಣ್ಣಿಗೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಆಗಿರುವ ಏರ್ಪಾಡು ಇದು. ಮಿಡಿಮರ ಮತ್ತು ಎಳೆಯ ಕಸಿಮಾವುಗಳ ಬಂದಣಿಕೆ ತೆಗೆಸುತ್ತೇವೆ. ಗುಡ್ಡೆಯ ಮರಗಳದ್ದು ಮತ್ತು ಉಪ್ಪರಿಗೆ ಕಿಟಕಿಯ ಕಾಟುಮಾವಿನದ್ದು ಮುಟ್ಟುವುದಿಲ್ಲ. ದೊಡ್ಡಪ್ಪ ಇದಕ್ಕೆ ಒಪ್ಪಿದ್ದಾರೆ. ತೆಗೆಸುವ ಕೆಲಸವನ್ನು ಮಳೆ ಮುಗಿದ ಕೂಡಲೇ ಮುಗಿಸುತ್ತೇವೆ. ಆಗ ಬಂದಣಿಕೆ ಇನ್ನೂ ಹಣ್ಣು ಬಿಟ್ಟಿರುವುದಿಲ್ಲ, ಹೊಸ ಬೀಜ ಹರಡುವುದು ತಪ್ಪುತ್ತದೆ. ಗೂಡಿನ ಕಾಲವೂ ಶುರುವಾಗಿರುವುದಿಲ್ಲ. ನೀವೂ ಮಾವಿಗೆ ಕತ್ತಿ ಹಾಕಿಸುವುದಿದ್ದರೆ ಜನವರಿ ದಾಟಿಸಬೇಡಿ. ದಾಟಿದರೆ ಕೊಂಬೆ ಕಡಿಯುವ ಮೊದಲು ಕೆಳಗೆ ಸ್ವಲ್ಪ ಹೊತ್ತು ನಿಂತು ನೋಡಿ. ಹತ್ತಿ ಕಚ್ಚಿಕೊಂಡೋ ಹುಳ ಕಚ್ಚಿಕೊಂಡೋ ಹಕ್ಕಿ ಅದೇ ಕೊಂಬೆಗೆ ಮತ್ತೆ ಮತ್ತೆ ಬರುತ್ತಿದ್ದರೆ, ಆ ಕೊಂಬೆಯನ್ನು ಬರುವ ಅಕ್ಟೋಬರಿನವರೆಗೆ ಬಿಡಿ.